ಮೂಗಿನ ಮೇಲೊಂದು ಶನಿವಾರ

ಶನಿವಾರ ಬೆಳಗ್ಗೆ ಆರೂವರೆಗೆ ವರ್ಲಿನ್ ಹೌಗನ್ ಬಚ್ಚಲಮನೆಯ ದೀಪ ಹಾಕಿ ಕನ್ನಡಿ ನೋಡಿದ. ಮೊದಲು ಕಂಡದ್ದು ಮೊಡವೆ, ಆಮೇಲೆ ಅವನು. ಮೂಗಿನ ತುದಿಯಲ್ಲಿ, ಕೊಂಚ ಎಡಕ್ಕೆ, ಕೆಂಪಗೆ, ದುಂಡಗೆ, ಹತ್ತು ವರ್ಷದಿಂದ ಬಾಡಿಗೆಗಿರುವವನ ಹಾಗೆ ಕಾಲು ಚಾಚಿ ಕೂತಿತ್ತು. ರಾತ್ರಿ ಮಲಗುವಾಗ ಇರಲಿಲ್ಲ. ಪ್ರಾಯದ ಹುಡುಗರಿಗೆ ಏಳಬೇಕಾದ್ದು ನಲವತ್ತೊಂಬತ್ತರ ಗಂಡಸಿಗೆ, ಅದೂ ಇವತ್ತೇ, ಏಳಬೇಕಿತ್ತೇ? ಇವತ್ತೇ ಏಳುತ್ತದೆ ಎಂಬುದು ಅವನಿಗೆ ಒಳಗೊಳಗೇ ಗೊತ್ತಿತ್ತು. ವರ್ಷದ ಮುನ್ನೂರೈವತ್ತು ದಿನ ಅವನ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಇರುತ್ತಿತ್ತು. ಯಾರಾದರೂ ಅದನ್ನು ನೋಡುತ್ತಾರೆ ಎಂಬ ಸುಳಿವು ಸಿಕ್ಕರೆ ಮಾತ್ರ ಎಲ್ಲಿಂದಲೋ ಒಂದು ಎದ್ದು ಬರುತ್ತಿತ್ತು. ಧಾನ್ಯದ ಸಹಕಾರ ಸಂಘದ ಕಣಜದಲ್ಲಿ ಅವನ ಕೆಲಸ ರೈತರು ತಂದ ಮೆಕ್ಕೆಜೋಳದ ತೇವ ಅಳೆಯುವುದು. ಹಿಡಿ ಕಾಳು ಅಂಗೈಯಲ್ಲಿ ಹಾಕಿಕೊಂಡು ಶೇಕಡಾ ಹದಿನೈದೂವರೆ ಎಂದರೆ ಯಂತ್ರವೂ ಹದಿನೈದೂವರೆ ಎನ್ನುತ್ತಿತ್ತು. ತನ್ನ ಸ್ವಂತ ಚರ್ಮದ ಬಗ್ಗೆ ಮಾತ್ರ ಅವನಿಗೆ ಗೊತ್ತಿದ್ದದ್ದು ಒಂದೇ, ಅದಕ್ಕೆ ಯಾವುದೂ ಆಗಿಬರುವುದಿಲ್ಲ ಎಂದು. ಉಣ್ಣೆ ಆಗುವುದಿಲ್ಲ, ವಾಸನೆಯ ಸೋಪು ಆಗುವುದಿಲ್ಲ, ಜನವರಿಯ ಗಾಳಿ ಆಗುವುದಿಲ್ಲ, ಯಾರಾದರೂ ಹೊಗಳಿದರೂ ಕುತ್ತಿಗೆಯವರೆಗೆ ಕೆಂಪು ಇಳಿಯುತ್ತದೆ. ಮಿನೆಸೋಟದ ಈ ಮೂಲೆಯಲ್ಲಿ ಹೊಗಳುವವರು ಕಡಿಮೆ, ಅಷ್ಟರಮಟ್ಟಿಗೆ ಬಚಾವು.

ಇವತ್ತು ಚರ್ಚಿನ ಫೋಟೊ ಪುಸ್ತಕಕ್ಕೆ ಫೋಟೊ ತೆಗೆಯುವ ದಿನ. ನಮ್ಮೂರು ಸ್ಕಾರ್ಡಲ್ಲಿನಲ್ಲಿ ಮನೆಮನೆಯವರ ಫೋಟೊ, ಹೆಸರು ಇರುವ ಈ ಪುಸ್ತಕ ಐದು ವರ್ಷಕ್ಕೊಂದು ಬರುತ್ತದೆ, ಬೈಬಲ್ಲಿಗಿಂತ ಹೆಚ್ಚು ಸಲ ಕೈಗೆ ಬರುತ್ತದೆ. ಯಾರದಾದರೂ ಹೆಸರು ಮರೆತರೆ ನಾವು ಅವರನ್ನೇ ಕೇಳುವುದಿಲ್ಲ, ಅದು ಚೆನ್ನಾಗಿರುವುದಿಲ್ಲ. ಅರ್ಧ ಗಂಟೆ ನಗುನಗುತ್ತ ಮಾತಾಡಿ, ಮನೆಗೆ ಬಂದು, ಫೋನಿನ ಪಕ್ಕದ ಖಾನೆಯಿಂದ ಪುಸ್ತಕ ತೆಗೆದು ಅವರು ಯಾರೆಂದು ನೋಡುತ್ತೇವೆ. ವರ್ಲಿನ್ನನ ತಾಯಿ ಆರ್ಡಿಸಮ್ಮನ ಬಳಿ ಹಳೆಯ ನಾಲ್ಕೂ ಪುಸ್ತಕಗಳಿದ್ದವು, ನಾಲ್ಕರಲ್ಲೂ ಅವನು ಒಬ್ಬನೇ. ಮೊಡವೆ ಒಂದರಲ್ಲಿ ಗಲ್ಲದ ಮೇಲೆ, ಇನ್ನೊಂದರಲ್ಲಿ ಹಣೆಯ ನಡುವೆ, ಮೂರನೆಯದರಲ್ಲಿ ಹುಬ್ಬಿನ ಕೆಳಗೆ, ನಾಲ್ಕನೆಯದರಲ್ಲಿ ಕೆನ್ನೆಯ ಮೇಲೆ ಜೋಡಿ. ಇಪ್ಪತ್ತು ವರ್ಷಗಳಲ್ಲಿ ಕೂದಲು ಹಿಂದೆ ಸರಿದಿತ್ತು, ಕನ್ನಡಕ ಬಂದಿತ್ತು, ಪಕ್ಕದ ಜಾಗ ಮಾತ್ರ ಖಾಲಿ ಇತ್ತು. ಆ ಪುಸ್ತಕದಲ್ಲಿ ಎರಡು ಬೇರೆ ಮನೆತನದ ಹೆಸರಿನವರು ಒಂದೇ ಚೌಕಟ್ಟಿನಲ್ಲಿ ಕೂತರೆಂದರೆ ಮುಗಿಯಿತು. ಮದುವೆಯ ಕಾಗದ ಹಂಚಲಿ ಬಿಡಲಿ, ಊರಿನ ಲೆಕ್ಕದಲ್ಲಿ ಅವರು ಗಂಡ ಹೆಂಡತಿ.

ಲವಾನ್ ಕಿಟಲ್ಸನ್ನಳನ್ನು ಆ ಚೌಕಟ್ಟಿಗೆ ಕರೆಯಬೇಕು ಎಂದು ಅವನು ತೀರ್ಮಾನಿಸಿ ಹದಿನಾರು ದಿನವಾಗಿತ್ತು. ಲವಾನ್ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಗಂಡ ಏಳು ವರ್ಷದ ಹಿಂದೆ ಚಳಿ ಸಾಕೆಂದು ಅರಿಝೋನಾಕ್ಕೆ ಹೋದವನು, ಅವಳೂ ಸಾಕೆಂದು ಅಲ್ಲಿಂದಲೇ ವಿಚ್ಛೇದನದ ಕಾಗದ ಕಳಿಸಿದ. ಚರ್ಚಿನ ಹಾಡುಗಾರರ ಗುಂಪಿನಲ್ಲಿ ಅವಳು ಮುಂದಿನ ಸಾಲು, ಇವನು ಹಿಂದಿನ ಸಾಲು. ಒಂಬತ್ತು ವರ್ಷ ಅವಳ ಹೆರಳನ್ನು ನೋಡುತ್ತಲೇ ಹಾಡಿದ್ದ. ಎರಡು ವರ್ಷದಿಂದ ಬುಧವಾರ ಅಭ್ಯಾಸ ಮುಗಿದ ಮೇಲೆ ಇಬ್ಬರೂ ಹೋಟೆಲಿನಲ್ಲಿ ಎದುರುಬದುರು ಕೂತು ಕಡುಬಿನಂಥ ಸೇಬಿನ ಪೈ ತಿನ್ನುತ್ತಿದ್ದರು. ಏನು ಮಾತಾಡುತ್ತಿದ್ದರು? ರಸ್ತೆಯ ಮಂಜು, ಪಾದ್ರಿಗಳ ಹೊಸ ನಾಯಿ. ಒಮ್ಮೆ ಅವಳು ತನ್ನ ಪೈಯ ಅಂಚಿನ ಗರಿಗರಿ ತುಂಡನ್ನು ಅವನ ತಟ್ಟೆಗೆ ಹಾಕಿ, 'ನಿಮಗಿಷ್ಟ ಅಲ್ವಾ' ಎಂದಿದ್ದಳು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಫೋಟೊಗೆ ಹೆಸರು ಬರೆಯುವ ಹಾಳೆಯನ್ನು ಚರ್ಚಿನ ಪಡಸಾಲೆಯಲ್ಲಿ ಅಂಟಿಸಿದಾಗ ಎರಡು ಗಂಟೆ ನಲವತ್ತರ ಎದುರು ಅವನು ತನ್ನ ಹೆಸರು ಬರೆದ. ಹಾಳೆಯ ತುಂಬ ಖಾಲಿ ಚೌಕಗಳು. ಮೂರು ದಿನ ಬಿಟ್ಟು ನೋಡಿದರೆ ಎರಡು ಐವತ್ತರ ಎದುರು, ಅವನ ಹೆಸರಿಗೆ ತಾಗಿದಂತೆ, ಲವಾನ್. ಅಷ್ಟು ಖಾಲಿ ಇರುವಾಗ ಅಲ್ಲೇ ಯಾಕೆ? ಅಂಗಡಿ ಎರಡಕ್ಕೆ ಮುಚ್ಚುತ್ತದೆ, ಅದಕ್ಕೇ ಇರಬಹುದು. ಹಾಗಾದರೆ ಎರಡು ಇಪ್ಪತ್ತು ಯಾಕಲ್ಲ? ಈ ಎರಡು ವಾರ ಜೋಳದ ತೇವ ಅಳೆಯುವಾಗ ಅವನು ಯೋಚಿಸಿದ್ದು ಇಷ್ಟೇ.

ಅಂತೂ ಏಳು ಗಂಟೆಗೆ ಚಿಕಿತ್ಸೆ ಶುರುವಾಯಿತು. ಮೊದಲು ಬಿಸಿನೀರಲ್ಲಿ ಅದ್ದಿದ ಟವೆಲು. ಇದರಿಂದ ಮೊಡವೆ ಇಳಿಯಲಿಲ್ಲ, ಮೂಗಿನ ಉಳಿದ ಭಾಗ ಅದರ ಬಣ್ಣಕ್ಕೆ ಬಂತು. ಆಮೇಲೆ ಹಲ್ಲುಜ್ಜುವ ಪೇಸ್ಟು. ಹದಿನೇಳನೇ ವಯಸ್ಸಿನಲ್ಲಿ, ಶಾಲೆಯ ಕೊನೆಯ ವರ್ಷದ ನೃತ್ಯದ ದಿನ, ಇದೇ ಬಚ್ಚಲಲ್ಲಿ ಇದೇ ಪೇಸ್ಟು ಹಚ್ಚಿಕೊಂಡು ಒರೆಸುವುದನ್ನು ಮರೆತು ಹೋಗಿದ್ದ. ಇಡೀ ಸಂಜೆ ಯಾರೂ ಹೇಳಲಿಲ್ಲ. ಜೊತೆಗೆ ಕುಣಿದ ಹುಡುಗಿಯೂ ಅವನ ಕಿವಿಯನ್ನೇ ನೋಡುತ್ತ ಕುಣಿದಳು. ನಮ್ಮಲ್ಲಿ ಅದು ಮರ್ಯಾದೆ; ಮುಖದ ಮೇಲೆ ಇರುವುದನ್ನು ಮುಖಕ್ಕೆ ಹೇಳುವುದಿಲ್ಲ. ಮನೆಗೆ ಬಂದು ಕನ್ನಡಿಯಲ್ಲಿ ಆ ಬಿಳಿ ಬೊಟ್ಟು ನೋಡಿದ ಮೇಲೆ ಆ ಹುಡುಗಿಗೆ ಅವನು ಮತ್ತೆ ಫೋನು ಮಾಡಲಿಲ್ಲ, ಅವಳು ಮೂರು ಸಲ ಮಾಡಿದರೂ ಎತ್ತಲಿಲ್ಲ. ಈಗ ಪೇಸ್ಟು ಉರಿಯತೊಡಗಿತ್ತು. ತೊಳೆದು ಅಡುಗೆಮನೆಯ ವಿನೆಗರ್, ಆ ಸೇಬಿನ ಹುಳಿನೀರು, ಒತ್ತಿದ. ಅದು ಉರಿಯಿತು ಎನ್ನುವುದು ಸಣ್ಣ ಮಾತು. ಕೊನೆಗೆ ಕಪಾಟಿನ ಹಿಂದೆ, ತಂಗಿಯ ಮಗಳು ಬೇಸಿಗೆಯಲ್ಲಿ ಬಿಟ್ಟುಹೋದ ಮೊಡವೆಯ ಟ್ಯೂಬು ಸಿಕ್ಕಿತು. ಮೇಲೆ ದೊಡ್ಡ ಅಕ್ಷರದಲ್ಲಿ ಔಷಧದ ಅಂಶ ಶೇಕಡಾ ಹತ್ತು ಎಂದಿತ್ತು. ಹತ್ತು ಹೆಚ್ಚೋ ಕಡಿಮೆಯೋ ಅವನಿಗೆ ಗೊತ್ತಾಗಲಿಲ್ಲ. ಜೋಳಕ್ಕಾದರೆ ಬಹಳ ಕಡಿಮೆ. ಧಾರಾಳವಾಗಿ ಹಚ್ಚಿದ, ಮೂಗಿಗೆ ಮಾತ್ರವಲ್ಲ, ಮುಂದೆ ಏಳಬಹುದಾದವಕ್ಕೂ ಒಂದು ಎಚ್ಚರಿಕೆ ಇರಲಿ ಎಂದು ಎರಡೂ ಕೆನ್ನೆಗೆ.

ಫೋನು ಹೊಡೆದುಕೊಂಡಿತು. ಈಗ ಊರೊಳಗೆ ಬೇರೆ ಮನೆ ಮಾಡಿಕೊಂಡಿರುವ ಆರ್ಡಿಸಮ್ಮ.

"ನೀಲಿ ಅಂಗಿ ಹಾಕ್ಕೊಳೋ. ಕಂದು ಬೇಡ, ಕಂದು ಹಾಕಿದ್ರೆ ಕಾಯಿಲೆಯವನ ಥರ ಕಾಣ್ತೀಯ."

"ಆಯ್ತಮ್ಮ."

"ಮುಖ ಹೇಗಿದೆ?"

"ಚೆನ್ನಾಗಿದೆ."

"ಎಲ್ಲಿ ಎದ್ದಿದೆ?"

"ಮೂಗು."

"ಅಯ್ಯೋ ದೇವರೇ, ಮೂಗೇ ಬೇಕಿತ್ತಾ ಅದಕ್ಕೆ! ಕೇಳಿಲ್ಲಿ, ಕೊಟ್ಟಿಗೇಲಿ ಹಸೂ ಕೆಚ್ಚಲಿಗೆ ಹಚ್ತಿದ್ವಲ್ಲ, ಆ ಹಳದಿ ಮುಲಾಮು, ಅದನ್ನ ಹಚ್ಚು. ನಿಮ್ಮಪ್ಪ ನಲವತ್ತು ವರ್ಷ ಹಚ್ಚಿದ್ರು, ಒಂದು ಹಸುವಾದ್ರೂ ಆಗಿಬರಲಿಲ್ಲ ಅಂತ ಹೇಳ್ತಾ?"

"ಹಸುಗೆ ಯಾರೂ ಫೋಟೊ ತೆಗೀತಿರಲಿಲ್ಲಮ್ಮ."

"ನಾಲಿಗೆ ಮಾತ್ರ ಚೆನ್ನಾಗಿದೆ ನಿಂದು. ಆ ನಾಲಿಗೇನ ಬೇರೆ ಕಡೆ ಉಪಯೋಗಿಸು," ಎಂದು ಅವಳು ಫೋನು ಇಟ್ಟಳು. ಬೇರೆ ಕಡೆ ಎಂದರೆ ಎಲ್ಲಿ ಎಂದು ಹೇಳಲಿಲ್ಲ. ಅವನು ಮುಲಾಮು ಹಚ್ಚಿದ.

ಹನ್ನೊಂದಕ್ಕೆ ಮುಖ ಯಾರದೋ ಆಗಿತ್ತು. ಕೆನ್ನೆಗಳು ಊದಿ, ಚರ್ಮ ಬಿಗಿದು, ಮೂಗಿನ ಮೇಲೆ ಸಿಪ್ಪೆ ಏಳುತ್ತ, ನಡುವೆ ಆ ಮೂಲ ಪುರುಷ ಹಾಗೆಯೇ, ಇದೆಲ್ಲ ತನ್ನ ಸತ್ಕಾರಕ್ಕೆಂಬಂತೆ. ಊರಲ್ಲಿ ಇರುವುದು ಒಂದೇ ಔಷಧಿ ಅಂಗಡಿ. ಮುಂದಿನ ಊರಿನದು ನಲವತ್ತು ಮೈಲಿ, ದಾರಿಯ ತುಂಬ ಕರಗಿ ಮತ್ತೆ ಹೆಪ್ಪುಗಟ್ಟಿದ ಮಾರ್ಚ್ ತಿಂಗಳ ಮಂಜು. ಅವನು ಅರ್ಧ ಗಂಟೆ ಟ್ರಕ್ಕಿನಲ್ಲಿ ಕೂತು ಆ ನಲವತ್ತು ಮೈಲಿಯ ಬಗ್ಗೆ ಗಂಭೀರವಾಗಿ ಯೋಚಿಸಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಲವಾನ್‌ಳ ಅಂಗಡಿಯ ಮುಂದೆ ಇಳಿದ. ಬಾಗಿಲಲ್ಲೇ ಪಕ್ಕದ ಮನೆಯ ಡ್ವೇನ್ ಸಿಕ್ಕಿದ. ಡ್ವೇನ್ ಅವನ ಮುಖವನ್ನು ಒಂದು ಕ್ಷಣ ನೋಡಿ, ದೃಷ್ಟಿಯನ್ನು ನಿಧಾನವಾಗಿ, ಗೌರವದಿಂದ, ಅವನ ಬಲಗಿವಿಗೆ ಸಾಗಿಸಿದ.

"ಗಾಳಿ ಒಣ ಅಲ್ವಾ ಈ ಸಲ?"

"ಹೂಂ, ಒಣ."

"ಹಾಗಂತ ತೀರಾ ಏನಿಲ್ಲ ಬಿಡು."

"ತೀರಾ ಏನಿಲ್ಲ."

"ಇದಕ್ಕಿಂತ ಜಾಸ್ತಿ ಆಗಿದ್ದೂ ಉಂಟು," ಎಂದು ಡ್ವೇನ್ ಅವನ ಭುಜ ತಟ್ಟಿ, ಸಾವಿನ ಮನೆಯಿಂದ ಹೊರಡುವವನ ಹಾಗೆ ಹೊರಟ.

ಲವಾನ್ ಮಾತ್ರ ಕಿವಿ ನೋಡಲಿಲ್ಲ. ಕೌಂಟರಿನ ಹಿಂದಿನಿಂದ ಬಂದು, ಟೋಪಿಯನ್ನು ತಾನೇ ತೆಗೆದು, ಗೋಡೆಯ ಪಕ್ಕ ರಕ್ತದೊತ್ತಡ ನೋಡುವ ಯಂತ್ರದ ಕುರ್ಚಿಯಲ್ಲಿ ಕೂರಿಸಿದಳು. "ಏನೇನು ಹಚ್ಚಿದ್ದೀರಿ? ಒಂದೂ ಬಿಡದೆ ಹೇಳಿ." ಅವನು ಒಂದೊಂದಾಗಿ ಹೇಳಿದ. ಟವೆಲು, ಪೇಸ್ಟು, ಹುಳಿನೀರು, ಟ್ಯೂಬು. ಮುಲಾಮಿಗೆ ಬಂದಾಗ ದನಿ ತಾನಾಗಿ ತಗ್ಗಿತು.

"ಕೆಚ್ಚಲಿಗೆ ಹಚ್ಚೋದಾ?"

"ಅಮ್ಮ ಹೇಳಿದ್ಲು."

"ಹಿತ್ತಲ ಬೇಲಿಗೆ ಬಳಿಯೋ ಬಣ್ಣ ಒಂದು ಬಿಟ್ಟಿದ್ದೀರಿ. ಅದೂ ಇತ್ತಾ ಮನೇಲಿ?" ಎಂದು ಅವಳು ತಣ್ಣೀರಲ್ಲಿ ಅದ್ದಿದ ಹತ್ತಿ ತಂದಳು. "ನಿಮ್ಮದು ಬೇಗ ರೇಗೋ ಚರ್ಮ ವರ್ಲಿನ್. ಇಂಥ ಚರ್ಮಕ್ಕೆ ಹತ್ತು ಅಂದ್ರೆ ಬೆಂಕಿ. ಎರಡೂವರೆ ಸಾಕು, ರಾತ್ರಿ ಮಲಗೋ ಮುಂಚೆ, ಗುಳ್ಳೆ ಮೇಲೆ ಮಾತ್ರ, ಸಾಸಿವೆ ಕಾಳಷ್ಟು. ಮೊದಲು ದವಡೆ ಕೆಳಗೆ ಹಚ್ಚಿ ಎರಡು ದಿನ ನೋಡಬೇಕು. ಎಲ್ಲೋ ಒಂದೊಂದು ಸಲ ಏಳೋದಕ್ಕೆ ಇಡೀ ಮುಖಕ್ಕೆ ಯಾಕೆ ಶಿಕ್ಷೆ? ಸುಮ್ಮನೆ ಬಿಟ್ಟಿದ್ರೆ ನಾಲ್ಕು ದಿನಕ್ಕೆ ತಾನೇ ಹೋಗ್ತಿತ್ತು."

"ಎರಡು ನಲವತ್ತಕ್ಕೆ ಫೋಟೊ ಇದೆಯಲ್ಲ."

"ನನಗೂ ಇದೆ," ಎಂದಳು ಅವಳು.

ಅವಳ ಬೆರಳು ಅವನ ಗಲ್ಲವನ್ನು ಹಿಡಿದಿತ್ತು. ಹತ್ತಿ ಮೂಗಿನ ಇಳಿಜಾರಿನಲ್ಲಿ ನಿಧಾನವಾಗಿ ಇಳಿಯಿತು, ಕೆನ್ನೆಯನ್ನು ಸುತ್ತಿತು, ಮತ್ತೆ ಮೇಲೆ ಹೋಯಿತು. ಮುಲಾಮಿನ ಕೊಟ್ಟಿಗೆ ವಾಸನೆ, ಅದರ ಹಿಂದೆ ಅವಳ ಸ್ವೆಟರಿನ ವಾಸನೆ. ಈ ಮುಖವನ್ನು ಕೊನೆಯ ಸಲ ಯಾರು ಮುಟ್ಟಿದ್ದರು? ಕ್ಷೌರದವನನ್ನು ಬಿಟ್ಟರೆ ದಂತವೈದ್ಯ. ಕೈ ಎಲ್ಲಿಡಬೇಕೆಂದು ತಿಳಿಯದೆ ಅವನು ಎಡಗೈಯನ್ನು ಪಕ್ಕದ ಯಂತ್ರದ ಪಟ್ಟಿಯೊಳಗೆ ತೂರಿಸಿದ್ದ, ಹೆಬ್ಬೆರಳು ಯಾವುದೋ ಗುಂಡಿಯನ್ನು ಒತ್ತಿತ್ತು. ಯಂತ್ರ ಗುರ್ರೆಂದು ತೋಳನ್ನು ಬಿಗಿಹಿಡಿದು, ಉಸಿರುಬಿಟ್ಟು, ದೊಡ್ಡ ಕೆಂಪು ಅಂಕಿಗಳಲ್ಲಿ ನೂರ ಅರವತ್ತೆಂಟು ಎಂದು ಇಡೀ ಅಂಗಡಿಗೆ ಕಾಣುವಂತೆ ತೋರಿಸಿತು. ಲವಾನ್ ಅಂಕಿಯನ್ನು ನೋಡಿದಳು, ಅವನನ್ನು ನೋಡಿದಳು.

"ಮೊಡವೆಗೆ ಇಷ್ಟು ಏರಲ್ಲ," ಎಂದಳು.

ಈಗ ಕೇಳಬೇಕು. ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಅವಳು ಹತ್ತಿಯನ್ನು ಮತ್ತೆ ನೀರಿಗೆ ಅದ್ದುತ್ತಿದ್ದಾಳೆ, ಅವಸರವೇನೂ ಇಲ್ಲದವಳ ಹಾಗೆ. ಅವನು ಬಾಯಿ ತೆರೆದ. ಅವಳು ತಲೆಯೆತ್ತಿದಳು. ಅವಳ ಭುಜದ ಹಿಂದೆ, ಓದುವ ಕನ್ನಡಕಗಳನ್ನು ತೂಗುಹಾಕಿದ ಕಂಬಕ್ಕೆ ಅಂಗೈಯಗಲದ ಕನ್ನಡಿ ಅಂಟಿಸಿದ್ದರು, ಅದರಲ್ಲಿ ಬಾಯಿ ತೆರೆದ ಒಂದು ಬೆಂದ ಟೊಮೆಟೊ ಕಂಡಿತು. ಈ ಮುಖದ ಪಕ್ಕದಲ್ಲಿ ಆಕೆಯನ್ನು ಕೂರಿಸುವುದೇ? ಐದು ವರ್ಷ, ಇನ್ನೂರ ಹನ್ನೆರಡು ಮನೆಗಳ ಫೋನಿನ ಪಕ್ಕ? ಪಾಪ, ಅವಳು ಏನು ಅಪರಾಧ ಮಾಡಿದ್ದಾಳೆ?

"ಎರಡೂವರೆಯದು ಒಂದು ಟ್ಯೂಬು ಕೊಡಿ," ಎಂದ.

ಅವಳು ಹತ್ತಿಯನ್ನು ಬುಟ್ಟಿಗೆ ಎಸೆದಳು, ಸ್ವಲ್ಪ ಜೋರಾಗಿಯೇ. "ಮೂರನೇ ಸಾಲಿನಲ್ಲಿದೆ. ತಗೊಳ್ಳಿ. ಇನ್ನು ಮುಖ ಮುಟ್ಟಬೇಡಿ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನಿಗೆ ತಾನೆಂಥ ದೊಡ್ಡ ಮನಸ್ಸಿನವನು ಎನಿಸುತ್ತಿತ್ತು. ಕೇಳದೆ ಇದ್ದದ್ದು ಅವಳ ಒಳ್ಳೆಯದಕ್ಕೆ. ಕೇಳಿದ್ದರೆ ಬೇಡವೆನ್ನಲಾಗದೆ ಸಂಕಟಪಡುತ್ತಿದ್ದಳು. ಮುಂದಿನ ಪುಸ್ತಕಕ್ಕೆ ಕೇಳಿದರಾಯಿತು, ಆಗ ತನಗೆ ಐವತ್ತನಾಲ್ಕು, ಅಷ್ಟು ಹೊತ್ತಿಗೆ ಎರಡೂವರೆ ಶೇಕಡದ್ದು ಅಭ್ಯಾಸವಾಗಿರುತ್ತದೆ. ಊರ ಹೊರಗಿನ ತಿರುವಿನಲ್ಲಿ, ಯಾಕೋ, ಈ ದೊಡ್ಡ ಮನಸ್ಸು ತನಗೆ ಹದಿನೇಳನೇ ವಯಸ್ಸಿನಲ್ಲೂ ಇತ್ತಲ್ಲ ಎನಿಸಿ ಅವನು ರೇಡಿಯೊ ಜೋರು ಮಾಡಿದ.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಒಲೆಯಲ್ಲಿ ಬೇಯಿಸಿದ ಹಾಟ್‌ಡಿಶ್ ಎಂಬ ಅಡುಗೆ, ಇಸ್ತ್ರಿ ಹಾಕಿದ ಬಟ್ಟೆಗಳ ವಾಸನೆ. ನಲವತ್ತು ಜನ ತಟ್ಟೆ ಹಿಡಿದು ನಿಂತಿದ್ದರು. ನೀಲಿ ಅಂಗಿಯ ವರ್ಲಿನ್ ಮೆಟ್ಟಿಲಿಳಿದಾಗ ನಲವತ್ತು ಜನರೂ ಅವನ ಕಿವಿಗಳನ್ನು ವಿಚಾರಿಸಿಕೊಂಡರು. ಗಾಳಿ ಒಣ ಎಂದು ಏಳು ಜನ ಹೇಳಿದರು. ಮೇಜಿನ ಹಿಂದೆ ಹಾಳೆ ಹಿಡಿದು ಕೂತಿದ್ದ ಆರ್ಡಿಸಮ್ಮ ಮಗನ ಮುಖ ನೋಡಿ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿ, "ಹೋಗು, ನಿನ್ನ ಸರದಿ" ಎಂದಳು. ಗೋಡೆಗೊರಗಿ ಹಸಿರು ಉಡುಪಿನಲ್ಲಿ ಲವಾನ್ ನಿಂತಿದ್ದಳು. ಕೂದಲನ್ನು ಹೊಸ ರೀತಿಯಲ್ಲಿ ಕಟ್ಟಿದ್ದಳು. ಅವನು ಅವಳ ಕಿವಿಗೆ ತಲೆಬಾಗಿ ವಂದಿಸಿ ಫೋಟೊಗೆಂದು ಕಟ್ಟಿದ ಬೂದು ಪರದೆಯ ಬಳಿ ಹೋದ.

ಫೋಟೊ ತೆಗೆಯುವಾಕೆ ಪಟ್ಟಣದವಳು, ಷೆರಿ ಎಂದು ಹೆಸರು, ಬಾಯಲ್ಲಿ ಏನೋ ಅಗಿಯುತ್ತಿದ್ದಳು. "ಅಯ್ಯಯ್ಯೋ, ಮೂಗಿಗೇನು ಮಾಡ್ಕೊಂಡ್ರಿ ಸಾರ್!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ನೆಲಮಾಳಿಗೆಯಲ್ಲಿ ಚಮಚದ ಸದ್ದು ನಿಂತಿತು. "ಒಬ್ಬರೇನಾ? ಜೊತೆಗೆ ಯಾರೂ ಇಲ್ವಾ?"

ಲವಾನ್ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಿದ್ದಳೋ, ಅಥವಾ ಅವನಿಗೆ ಹಾಗೆ ಕಂಡಿತೋ.

"ಒಬ್ಬನೇ. ಸಾಕು. ನಿಮಗೆ ಯಾಕೆ ತೊಂದರೆ," ಎಂಬ ಮಾತು ಅವನು ಯೋಚಿಸುವ ಮೊದಲೇ ಬಾಯಿಂದ ಹೊರಟಿತು. ನಮ್ಮೂರಿನಲ್ಲಿ ಬಾವಿಗೆ ಬಿದ್ದವನೂ ಮೇಲಿಂದ ಯಾರಾದರೂ ಹಗ್ಗ ಬೇಕೇ ಎಂದರೆ ಇದನ್ನೇ ಹೇಳಿಯಾನು. ಬೆಳಕು ಮಿಂಚಿತು. ಎರಡು ಸಲ, ಮೂರು ಸಲ. ಷೆರಿ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯ ತುಂಬ ಅವನ ಮುಖ, ನಡುವೆ ಅದು. "ಚಿಂತೆ ಬೇಡ, ಎಲ್ಲಾ ಅಳಿಸಿಬಿಡ್ತೀನಿ ನೋಡಿ," ಎಂದು ಅವಳು ಮೌಸು ಆಡಿಸಿದಳು. ಮೊಡವೆ ಹೋಯಿತು. ಇಷ್ಟು ಸುಲಭ! ಕೆನ್ನೆಯ ಕೆಂಪು ಹೋಯಿತು. ಸಿಪ್ಪೆ ಹೋಯಿತು. ಅವಳಿಗೆ ಕೆಲಸದ ಹುರುಪು ಬಂದು ಕಣ್ಣ ಕೆಳಗಿನ ಚೀಲಗಳನ್ನೂ ತೆಗೆದಳು. ಪರದೆಯ ಮೇಲೆ, ಜನ್ಮದಲ್ಲಿ ಮೊದಲ ಸಲ, ಒಂದೂ ಕಲೆಯಿಲ್ಲದ ವರ್ಲಿನ್ ಹೌಗನ್ ನೀಲಿ ಅಂಗಿಯಲ್ಲಿ ಕೂತಿದ್ದ. ಚೆನ್ನಾಗಿದ್ದ. ನಿಜಕ್ಕೂ ಚೆನ್ನಾಗಿದ್ದ. ಯಾವ ಹೆಂಗಸಿನ ಪಕ್ಕದಲ್ಲಾದರೂ ಧೈರ್ಯವಾಗಿ ಕೂರಿಸಬಹುದಾದ ಮುಖ. ಮತ್ತು ಒಬ್ಬನೇ ಕೂತಿದ್ದ. ಅವನ ಎಡಕ್ಕೆ ಪರದೆಯ ಬೂದು ಬಟ್ಟೆ, ಬಲಕ್ಕೆ ಪರದೆಯ ಬೂದು ಬಟ್ಟೆ. ಇಪ್ಪತ್ತು ವರ್ಷ ಅವನು ಗಲ್ಲದ ಮೇಲೆ, ಹಣೆಯ ಮೇಲೆ, ಕೆನ್ನೆಯ ಮೇಲೆ ಹೊರಿಸಿದ್ದ ತಪ್ಪು ಅವುಗಳದ್ದಾಗಿರಲಿಲ್ಲ. ಅವನು ಹೇಡಿ, ಅಷ್ಟೇ. ಹೇಡಿತನಕ್ಕೆ ಟ್ಯೂಬು ಬರುವುದಿಲ್ಲ.

"ಇದನ್ನೇ ಹಾಕೋಣ್ವಾ?" ಎಂದಳು ಷೆರಿ. "ಮುಂದಿನವರು, ಕಿಟಲ್ಸನ್!"

ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಇನ್ನೊಂದು ಸಲ ತೆಗೀಬೇಕು," ಎಂದ. ಸಾಲಿನಲ್ಲಿ ನಿಂತವರನ್ನು ಕಾಯಿಸಿ ಎರಡನೇ ಸರದಿ ಕೇಳಿದವರು ಆ ನೆಲಮಾಳಿಗೆಯ ಚರಿತ್ರೆಯಲ್ಲೇ ಇರಲಿಲ್ಲ. ಕಿವಿ, ಕುತ್ತಿಗೆ, ಅಂಗೈ, ಕೆಂಪಾಗಬಲ್ಲದ್ದೆಲ್ಲ ಕೆಂಪಾಯಿತು. ಹಸಿರು ಉಡುಪು ಪರದೆಯ ಹತ್ತಿರ ಬಂದು ನಿಂತಿತ್ತು. "ಲವಾನ್, ನನ್ನ ಜೊತೆ ಕೂತ್ಕೋತೀರಾ? ಫೋಟೊಗೆ. ಅಂದ್ರೆ, ಫೋಟೊಗೆ ಮಾತ್ರ ಅಲ್ಲ. ನನ್ನ ಮುಖ ಹೀಗಿದೆ, ನೋಡ್ತಾನೇ ಇದ್ದೀರಿ. ಬೇಡ ಅಂದ್ರೂ ಪರವಾಗಿಲ್ಲ. ಇಲ್ಲ, ಪರವಾಗಿಲ್ಲ ಅಂತಲ್ಲ, ನನಗೆ ತುಂಬಾ ಬೇಜಾರಾಗುತ್ತೆ."

ಆರ್ಡಿಸಮ್ಮನ ಕೈಯಿಂದ ಪೆನ್ಸಿಲು ಉರುಳಿ ನೆಲಕ್ಕೆ ಬಿದ್ದದ್ದು ಕೇಳಿಸಿತು. ಲವಾನ್‌ಳ ಮುಖವೂ ಕುತ್ತಿಗೆಯಿಂದ ಮೇಲಕ್ಕೆ ಬಣ್ಣ ತಿರುಗುತ್ತಿತ್ತು.

"ನಿಮ್ಮ ಮೂಗು ಒಂದು ಸಲ ಒರೆಸಿದ್ರೆ ಸಾಕಾಗಿತ್ತು," ಎಂದಳು ಅವಳು, ಸಿಟ್ಟೋ ನಗುವೋ ತಿಳಿಯದಂತೆ. "ಈಗಲಾದ್ರೂ ಕೇಳ್ತಾರೇನೋ ಅಂತ ಎರಡನೇ ಸಲ ಒರೆಸಿದೆ. ನಾಲ್ಕು ಜನ ಗಿರಾಕಿಗಳು ಕಾಯ್ತಾ ಇದ್ರು ರೀ ಹಿಂದೆ! ಕೊನೆಗೆ ಬಾಯಿ ಬಿಟ್ಟು ಕೇಳಿದ್ದು ಟ್ಯೂಬು."

ಸಾಲಿನಲ್ಲಿ ಯಾರೋ, ಡ್ವೇನ್ ಇರಬೇಕು, ಕೆಮ್ಮಿದರು. ಅವಳು ಬಂದು ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ಅವನು ಕೂತ. ಮೊಣಕಾಲಿಗೆ ಮೊಣಕಾಲು ತಾಗಿತು, ಯಾರೂ ಸರಿಸಲಿಲ್ಲ. ಷೆರಿ ಬಾಯಲ್ಲಿ ಅಗಿಯುತ್ತಿದ್ದುದನ್ನು ಒಂದು ಕಡೆಗೆ ತಳ್ಳಿ ಕ್ಯಾಮೆರಾ ಎತ್ತಿ, "ಸ್ವಲ್ಪ ನಗಿ ಸಾರ್" ಎಂದಳು. ಹೇಳುವ ಮೊದಲೇ ಅವನು ನಗುತ್ತಿದ್ದ. ಒಣಗಿದ ಚರ್ಮ ಬಾಯಿಯ ಎರಡೂ ಕಡೆ ಬಿರಿದು ಚುರ್ರೆಂದಿತು, ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು, ಆದರೂ ನಗು ನಿಲ್ಲಿಸಲಾಗಲಿಲ್ಲ.